ಮಧ್ಯಾಹ್ನ ಒಂದೂವರೆಗೆ ಮಧ್ಯರಾತ್ರಿ

ಇಳಿದದ್ದು

ನನ್ನ ನೆನಪಿನ ಪ್ರಕಾರ ನಾವು ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಹಿಮ ಬೀಳುತ್ತಿತ್ತು. ಬಾವ ಇದನ್ನು ಒಪ್ಪುವುದಿಲ್ಲ. ಹಿಮ ಹಿಂದಿನ ದಿನವೇ ಬಿದ್ದು ಮುಗಿದಿತ್ತು, ರಸ್ತೆ ಪಕ್ಕದಲ್ಲಿ ಸುಣ್ಣದ ಗುಡ್ಡೆಯ ಹಾಗೆ ಒಟ್ಟಿದ್ದರು, ಬೀಳುವ ಹಿಮವನ್ನು ನಾನು ಯಾವುದೋ ಸಿನಿಮಾದಿಂದ ತಂದು ಸೇರಿಸಿದ್ದೇನೆ ಅನ್ನುತ್ತಾರೆ. ಹುಣಸೂರಿನ ನನ್ನ ಪ್ರೆಸ್ಸಿನ ಮುಂದಿನ ಕಟ್ಟೆಯ ಮೇಲೆ ಕೂತು ಈ ಬರಹವನ್ನು ಅವರಿಗೆ ಓದಿ ಹೇಳಿದಾಗ ಮೊದಲ ಸಾಲಿಗೇ ಟೀ ಲೋಟ ಕೆಳಗಿಟ್ಟರು.

"ಎಲ್ಲಿತ್ಲಾ ಹಿಮ? ಬಿಸ್ಲು ಕಣ್ ಕುಕ್ತಿತ್ತು."

"ನಂಗೆ ಬಿದ್ದಂಗೇ ನೆಪ್ಪು ಬಾವ."

"ಅಂಗಾರೆ ಬರ್ಕೊ ಬುಡು. ನೀನ್ ಬರ್ದಿದ್ದೇ ಕೊನೀಕೆ ನಿಜ ಆಯ್ತದೆ. ನಂದೇನಿದ್ರೂ ಬಾಯ್ಮಾತು."

ಹಾಗಾಗಬಾರದೆಂದು ಎರಡನ್ನೂ ಬರೆದಿದ್ದೇನೆ. ಮುಂದೆಯೂ ನಮ್ಮಿಬ್ಬರ ನೆನಪು ಕವಲೊಡೆದ ಕಡೆ ಎರಡನ್ನೂ ಇಡುತ್ತೇನೆ. ಓದುವವರು ತಮಗೆ ಒಪ್ಪಿದ್ದನ್ನು ಇಟ್ಟುಕೊಳ್ಳಬಹುದು. ಚಳಿಯ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಬಾವ ಸ್ಯಾಕ್ಸೊಫೋನಿನ ಬಾಯಿಗಿಡುವ ತುದಿಯನ್ನು ಬಿಚ್ಚಿ, ಬನಿಯನ್ನಿನೊಳಗೆ ಕಂಕುಳಲ್ಲಿ ಇಟ್ಟುಕೊಂಡೇ ಆ ದೇಶಕ್ಕೆ ಕಾಲಿಟ್ಟರು. ಒಂದು ಕೈಯನ್ನು ಮೈಗೆ ಒತ್ತಿಕೊಂಡು ನಡೆಯುವ ಅವರನ್ನು ಕಂಡು ಅಧಿಕಾರಿಯೊಬ್ಬ ಕೈಗೆ ಪೆಟ್ಟಾಗಿದೆಯೇ ಎಂದು ಕೇಳಿ, ಕೂತುಕೊಳ್ಳಲು ಕುರ್ಚಿಯನ್ನೂ ಕೊಟ್ಟ.

ನಾವು ಯಾರು, ಅಲ್ಲಿಗೆ ಯಾಕೆ ಹೋದೆವು ಎನ್ನುವುದು ಸರಳ. ಬಾವ ಅಂದರೆ ನನ್ನ ಅಕ್ಕನ ಗಂಡ ನಂಜುಂಡಪ್ಪ. ಪಿರಿಯಾಪಟ್ಟಣದ ರಸ್ತೆಯಲ್ಲಿ ಅವರ ಊರು. ಅವರ ತಂದೆ ನಾಗಸ್ವರದವರು; ಬಾವ ಸ್ಯಾಕ್ಸೊಫೋನಿಗೆ ಬದಲಾದರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅವರ ವಾಲಗವಿಲ್ಲದೆ ನಡೆದ ಮದುವೆಗಳು ಇರಬಹುದು, ಆದರೆ ಅವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೃಷ್ಣರಾಜನಗರದಿಂದ ಹೋಗಿ ಅಲ್ಲಿ ನೆಲೆಸಿದ್ದ ಚಂದ್ರಣ್ಣ ಎಂಬವರು ಮಗಳ ಮದುವೆಗೆ ಹಟ ಹಿಡಿದರು: ಸ್ಪೀಕರಿನಲ್ಲಿ ಹಾಕುವುದು ವಾಲಗವಲ್ಲ, ಊದುವವರೇ ಬರಬೇಕು. ಡೋಲಿನವರ ಕಾಗದಪತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹೊರಟವರು ಊದುವ ಬಾವ ಮತ್ತು ತಾಳ ಹಾಕುವ ನಾನು. ಲಗ್ನಪತ್ರಿಕೆ ಅಚ್ಚು ಹಾಕುವುದು ನನ್ನ ಕಸುಬಾದರೂ, ನೆಂಟರ ಮದುವೆಗಳಲ್ಲಿ ಬಾವನ ಹಿಂದೆ ಕೂತು ತಾಳ ಕುಟ್ಟುವುದು ಶಾಲೆಯ ದಿನಗಳಿಂದ ನನ್ನ ಪಾಲಿಗೆ ಬಂದಿರುವ ಕೆಲಸ.

ಊರಿನ ಹೆಸರು ಬರೆಯುವುದಿಲ್ಲ. ನಾನು ಉಚ್ಚರಿಸಿದಾಗಲೆಲ್ಲ ಯಾರಾದರೂ ತಿದ್ದುತ್ತಿದ್ದರು, ತಿದ್ದಿದವರಲ್ಲೂ ಇಬ್ಬರು ಒಂದೇ ಥರ ಹೇಳಲಿಲ್ಲ. ಆಚೆ ದಡ ಕಾಣದ ಒಂದು ಸಿಹಿನೀರಿನ ಸರೋವರದ ಪಕ್ಕದ ಊರು ಎಂದರೆ ಸಾಕು. ಕಬಿನಿ ಹಿನ್ನೀರು ತುಂಬಿದಾಗ ಬೀಚನಹಳ್ಳಿಯ ಕಟ್ಟೆ ಮೇಲೆ ನಿಂತು ಬೀಗುತ್ತಿದ್ದ ನಾವು ಅದನ್ನು ನೋಡಿದ ಮೇಲೆ ಕಬಿನಿಯ ಹೆಸರೆತ್ತಲಿಲ್ಲ.

ಗ್ಯಾರೇಜು

ಚಂದ್ರಣ್ಣನ ಮನೆಯ ಬೀದಿಯಲ್ಲಿ ಸದ್ದೇ ಇಲ್ಲ. ನಾಯಿ ಕೂಡ ಯೋಚಿಸಿ ಬೊಗಳುತ್ತದೆ. ಬಾವ ಮೊದಲ ಬೆಳಿಗ್ಗೆ ನಡುಮನೆಯಲ್ಲಿ ಕೂತು ಒಂದು ಉಸಿರು ಊದಿದ್ದೇ ತಡ, ಚಂದ್ರಣ್ಣ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿ ಬಂದರು. ಪಕ್ಕದ ಮನೆಯವರು ಪೊಲೀಸರಿಗೆ ಫೋನು ಮಾಡುವ ಪೈಕಿಯಂತೆ. ಕೊನೆಗೆ ಅವರೇ ಉಪಾಯ ಹೇಳಿದರು: ಗ್ಯಾರೇಜಿನಲ್ಲಿ ಕಾರಿದೆ, ಗಾಜು ಏರಿಸಿಕೊಂಡು ಅದರೊಳಗೆ ಅಭ್ಯಾಸ ಮಾಡಿ.

ಹೀಗೆ ಬಾವ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಸ್ಯಾಕ್ಸೊಫೋನಿನ ಬಾಯನ್ನು ಮುಂದಿನ ಎರಡು ಸೀಟುಗಳ ನಡುವೆ ತೂರಿಸಿ ಊದತೊಡಗಿದರು. ನಾನು ಸ್ಟೀರಿಂಗಿನ ಹಿಂದೆ ಕೂತು ಮೊಬೈಲಿನಲ್ಲಿ ಶ್ರುತಿ ಹಾಕಿದೆ. ಅವರ ಉಸಿರಿಗೆ ಗಾಜೆಲ್ಲ ಮಂಜಾಯಿತು. ಎಷ್ಟು ಹೊತ್ತಾಯಿತೋ, ಯಾರೋ ಕಿಟಕಿ ಬಡಿದರು. ಗಾಜು ಒರೆಸಿ ನೋಡಿದರೆ ಪಕ್ಕದ ಮನೆಯ ಮುದುಕರು. ಯಾರಾದರೂ ಕಾರಿನೊಳಗೆ ಅಳುತ್ತಿದ್ದಾರೆಯೇ, ಸಹಾಯ ಬೇಕೇ ಎಂದು ಕೇಳಿದರು. ನಾನು ಇಂಗ್ಲಿಷು ಜೋಡಿಸುವಷ್ಟರಲ್ಲಿ ಬಾವ ಹಿಂದಿನಿಂದ ಗಂಭೀರವಾಗಿ ರಾಗದ ಹೆಸರು ಹೇಳಿ "ತೋಡಿ" ಎಂದರು. ಮುದುಕರು ಅಷ್ಟೇ ಗಂಭೀರವಾಗಿ ತಲೆಯಾಡಿಸಿ ಹೋದರು. ಮರುದಿನ ಮನೆ ಬಾಗಿಲಲ್ಲಿ ಒಂದು ತಟ್ಟೆ ಬಿಸ್ಕತ್ತು ಇತ್ತು. ಸಾವಿನ ಮನೆಗೆ ಅಲ್ಲಿ ಹಾಗೆ ಕೊಡುವುದು ವಾಡಿಕೆಯೆಂದು ಚಂದ್ರಣ್ಣ ಆಮೇಲೆ ಹೇಳಿದರು. ಬಿಸ್ಕತ್ತು ಚೆನ್ನಾಗಿತ್ತು.

ಆ ಕಾರಿನಲ್ಲಿ ಕೂತೇ ಬಾವ ಒಂದು ಮಾತು ಹೇಳಿದರು. ಇಷ್ಟು ವರ್ಷ ಅವರ ಹಿಂದೆ ತಾಳ ಕುಟ್ಟಿದವನಿಗೆ ಅದು ಹೊಳೆದೇ ಇರಲಿಲ್ಲ.

"ಲೋ ಮಾದೇವ, ಇಲ್ಲೀಗಂಟ ಜನದ್ ಮುಂದೆ ಒಂದ್ ತೋಡೀನೂ ಮುಗಿಸಿಲ್ಲ ಕಣ್ಲಾ ನಾನು."

"ಸುಮ್ನಿರಿ ಬಾವ. ಎಷ್ಟ್ ಮದ್ವೇಲಿ ಊದಿಲ್ಲ ನೀವು?"

"ಊದಿವ್ನಿ. ಮುಗಿಸಿಲ್ಲ. ತೋಡಿ ಅಂದ್ರೆ ಬೀಗ್ರು ಬಂದಂಗೆ. ಬಾಗ್ಲಲ್ಲಿ ನಿಂತ್ಕತದೆ, ಕಾಲ್ ತೊಳ್ಕತದೆ, ಆಮೇಕೆ ಒಳೀಕ್ ಬತ್ತದೆ. ಅದು ಮ್ಯಾಗಲ ಷಡ್ಜ ಮುಟ್ಟೋ ಒತ್ಗೆ ಅಯ್ನೋರು ಬೆಳ್ಳೆತ್ತಿ ಗಟ್ಟಿಮೇಳ ಅಂತಾರೆ. ಮುಗೀತು. ಇಲ್ಲಾ, ಹುಡ್ಗನ್ ಸೋದರಮಾವ ಬಂದು ಸಿನಿಮಾ ಹಾಡು ಬುಡಿ ಅಂತಾನೆ. ಒಂದ್ ಮದ್ವೇಲಿ ಅರ್ಧ, ಇನ್ನೊಂದ್ ಮದ್ವೇಲಿ ಕಾಲು. ಎಲ್ಲಾ ತುಂಡೇಯ. ಯಾರಾರಾ ಪೂರ್ತಿ ಕೇಳ್ಬೇಕು ಕಣ್ಲಾ. ಒಂದ್ಸಲ. ಅಷ್ಟೇಯ."

ಗಟ್ಟಿಮೇಳವೆಂದರೆ ನಮ್ಮಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ತಾಳಿ ಕಟ್ಟುವ ಕ್ಷಣಕ್ಕೆ ಸೀನು, ಕೆಮ್ಮು, ಕೆಟ್ಟ ಮಾತು ಒಂದೂ ಕಿವಿಗೆ ಬೀಳದ ಹಾಗೆ ವಾಲಗದವರು ಇದ್ದಬದ್ದ ಬಲವನ್ನೆಲ್ಲ ಹಾಕಿ ಸದ್ದು ಮಾಡುವುದು. ಪುರೋಹಿತರ ಬೆರಳು ಮೇಲೆದ್ದಾಗ ಊದುವವನು ಯಾವ ಸ್ವರದಲ್ಲಿದ್ದರೂ ಬಿಟ್ಟು ಬರಬೇಕು. ಅಲ್ಲಿ ಸಂಗೀತದ ಪ್ರಶ್ನೆಯೇ ಇಲ್ಲ. ಅದು ಸದ್ದಿನ ಗೋಡೆ.

"ಈಗ ಮುಗಿಸಿ ಬಾವ, ನಾನ್ ಕೇಳ್ತೀನಿ" ಎಂದೆ. ಬಾವ ತುಟಿ ಒದ್ದೆ ಮಾಡಿಕೊಂಡು ಶುರು ಮಾಡಿದರು. ಅಷ್ಟರಲ್ಲಿ ಚಂದ್ರಣ್ಣನ ಹೆಂಡತಿ ಬಾಗಿಲು ತೆಗೆದು, ತರಕಾರಿಗೆ ಹೋಗಬೇಕು, ಕಾರು ಬೇಕು ಅಂದರು.

ಮದುವೆ ಮನೆ

ಮದುವೆ ನಡೆದದ್ದು ಶಾಲೆಯೊಂದರ ಆಟದ ಹಾಲಿನಲ್ಲಿ. ಬ್ಯಾಸ್ಕೆಟ್‌ಬಾಲಿನ ಬಳೆಗೆ ಮಾವಿನ ತೋರಣ ಕಟ್ಟಿದ್ದರು. ಡೋಲಿಗೆ ಬದಲಾಗಿ ಚಂದ್ರಣ್ಣ ಅಲ್ಲಿಯ ಡ್ರಮ್ಮಿನವನೊಬ್ಬನನ್ನು ಹುಡುಕಿ ತಂದಿದ್ದರು. ಹೆಸರು ಮಾರ್ವಿನ್. ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಚಿಕ್ಕ ಮಕ್ಕಳ ಕೈಯಂಥ ಮೃದುವಾದ ಕೈ. ನಾನು ಅವನಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ಪುರೋಹಿತರ ಬೆರಳು ಎದ್ದರೆ ನಿನ್ನ ಹತ್ತಿರ ಏನೇನಿದೆಯೋ ಅಷ್ಟನ್ನೂ ಬಾರಿಸು.

"ಎಲ್ಲವನ್ನೂ?"

"ಎಲ್ಲವನ್ನೂ."

"ಎಷ್ಟು ಹೊತ್ತು?"

"ಬೆರಳು ಇಳಿಯುವವರೆಗೆ."

ತನ್ನ ಜೀವಮಾನದಲ್ಲಿ ಇಷ್ಟು ಸ್ಪಷ್ಟವಾದ ಸೂಚನೆಯನ್ನು ಯಾರೂ ಕೊಟ್ಟಿಲ್ಲ ಎಂದ. ಬೆರಳೆದ್ದಿತು. ಬಾವ ಊದುತ್ತಿದ್ದ ಕಲ್ಯಾಣಿ ರಾಗವನ್ನು ಅಲ್ಲಿಯೇ ಕೈಬಿಟ್ಟು ಗಟ್ಟಿಮೇಳಕ್ಕೆ ಹಾರಿದರು, ಮಾರ್ವಿನ್ ಹಾಲಿನ ಚಾವಣಿ ಅದುರುವಂತೆ ಬಾರಿಸಿದ, ಮದುಮಗನ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡೇ ಅಕ್ಷತೆ ಹಾಕಿದರು. ಆಮೇಲೆ ಮಾರ್ವಿನ್ ನನ್ನ ಬೆನ್ನು ತಟ್ಟಿ, ಮುಂದಿನ ಮದುವೆ ಯಾವಾಗ ಎಂದು ಕೇಳಿದ.

ಊಟದ ಹೊತ್ತಿಗೆ ಅವನನ್ನು ಮನೆಗೆ ಕರೆದೊಯ್ಯಲು ಹೆಂಡತಿ ಬಂದಳು. ಡೊರೀನ್. ಉಣ್ಣೆಯ ಟೋಪಿ, ಕೊರಳಲ್ಲಿ ಎರಡು ಕನ್ನಡಕ, ಒಂದು ಓದಲು, ಒಂದು ನೋಡಲು. ಮುಹೂರ್ತವನ್ನು ಅವಳು ನೋಡಲಿಲ್ಲ. ಇದು ಮುಂದೆ ಬೇಕಾಗುತ್ತದೆ. ಅವಳು ಬಂದಾಗ ಬಾವ ಊಟದ ಗದ್ದಲದ ನಡುವೆ ತೋಡಿಗೆ ಕೈ ಹಾಕಿದ್ದರು. ಅಲ್ಲಿ ಇದ್ದವರೆಲ್ಲ ಎಲೆಯ ಕಡೆ ಮುಖ ಮಾಡಿದ್ದರು. ಡೊರೀನ್ ತಟ್ಟೆಯನ್ನು ಕೆಳಗಿಟ್ಟು, ಎದ್ದು, ಕುರ್ಚಿಯನ್ನು ಬಾವನ ಕಡೆಗೆ ತಿರುಗಿಸಿಕೊಂಡು ಕೂತಳು. ಚಿರೋಟಿಯ ಮೇಲಿನ ಹಾಲು ಆರಿ ಹೋಯಿತು.

ಬಾವ ಅದನ್ನು ಕಂಡರು. ತಾಳ ಹಾಕುವವನಿಗೆ ಮುಂದಿನವನ ಬೆನ್ನು ಗೊತ್ತಾಗುತ್ತದೆ. ಅವರ ಬೆನ್ನು ನೆಟ್ಟಗಾಯಿತು. ರಾಗ ನಿಧಾನವಾಗಿ ಮೆಟ್ಟಿಲು ಹತ್ತುತ್ತಿತ್ತು. ಆಗ ಚಂದ್ರಣ್ಣನ ತಮ್ಮ ಬಂದು, "ಅಣ್ಣಾ, ಇದ್ಯಾಕೋ ಡಲ್ ಆಯ್ತದೆ, ಒಂದ್ ಹಳೇ ಪಿಚ್ಚರ್ ಹಾಡ್ ಬುಡಿ" ಎಂದರು. ಬಾವ ಬಿಟ್ಟರು. ಡೊರೀನ್ ಆ ತಮ್ಮನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ಬಾವನ ಪ್ರಕಾರ ಅವಳು ನೋಡಲೇ ಇಲ್ಲ, ಟೋಪಿ ಸರಿ ಮಾಡಿಕೊಂಡಳು ಅಷ್ಟೆ.

ಅವಳು ಒಂದು ರೇಡಿಯೊ ಸ್ಟೇಷನ್ನಿನವಳು. ಇಡೀ ದಿನ ಜಾಜ್ ಸಂಗೀತವನ್ನಷ್ಟೇ ಹಾಕುವ ಸ್ಟೇಷನ್ನು. ಜಾಹೀರಾತಿಲ್ಲ, ಸರ್ಕಾರವಿಲ್ಲ, ಕೇಳುವವರೇ ಕೈಲಾದಷ್ಟು ಕೊಟ್ಟು ನಡೆಸುತ್ತಾರೆ. ವರ್ಷದ ಕೊನೆಯ ದಿನ ಬೆಳಗಿನಿಂದ ಅವಳ ಕಾರ್ಯಕ್ರಮ. ಭೂಮಿಯ ಯಾವ ಯಾವ ದೇಶಕ್ಕೆ ಮಧ್ಯರಾತ್ರಿ ತಲುಪುತ್ತದೆಯೋ ಆ ದೇಶದ ಒಬ್ಬರು ಬಂದು ತಮ್ಮ ಭಾಷೆಯಲ್ಲಿ ಹೊಸ ವರ್ಷವನ್ನು ಕರೆಯುತ್ತಾರೆ, ಆಮೇಲೆ ಮಾರ್ವಿನ್‌ನ ತಂಡ ಒಂದು ತುಣುಕು ನುಡಿಸುತ್ತದೆ. ಗಂಟೆಗೊಂದು ದೇಶ. ನಮ್ಮ ದೇಶ ಪ್ರತಿ ವರ್ಷ ತಪ್ಪಿಹೋಗುತ್ತಿತ್ತಂತೆ. ನಮ್ಮ ಮಧ್ಯರಾತ್ರಿ ಅಲ್ಲಿಯ ಮಧ್ಯಾಹ್ನ ಒಂದೂವರೆಗೆ, ಅಂದರೆ ಗಂಟೆಯ ಹೊಟ್ಟೆಯೊಳಗೆ ಬೀಳುತ್ತದೆ. ಈ ಸಲ ಒಂದರಿಂದ ಎರಡರವರೆಗೆ ಪೂರ್ತಿ ನಿಮಗೇ, ಈಗ ನಿಲ್ಲಿಸಿದಿರಲ್ಲ ಅದನ್ನು ಬಂದು ನುಡಿಸಿ ಎಂದಳು.

ಬಾವನಿಗೆ ಹೇಳಿದೆ. ಅವರು ಬೀಗರ ಕಡೆಯವರನ್ನು ವಿಚಾರಿಸುವ ಹಾಗೆ ವಿಚಾರಿಸಿದರು.

"ಮಧ್ಯದಲ್ ಯಾರೂ ಬರಕಿಲ್ವಂತಾ?"

"ಬಾಗ್ಲು ಹಾಕಿರ್ತಾರಂತೆ."

"ಊಟ ಗೀಟ?"

"ಆಚೆ."

"ಸಿನಿಮಾ ಹಾಡ್ ಕೇಳುದ್ರೆ?"

ಇದನ್ನು ಅನುವಾದಿಸಿದೆ. ಡೊರೀನ್ ಒಂದು ಕನ್ನಡಕ ತೆಗೆದು ಇನ್ನೊಂದನ್ನು ಹಾಕಿಕೊಂಡು, ಹಾಗೆ ಕೇಳಿದವರ ಫೋನು ತಾನೇ ಕುಕ್ಕಿಡುತ್ತೇನೆ ಎಂದಳು. ಬಾವ ಮೊದಲ ಸಲ ಆ ದೇಶದಲ್ಲಿ ಹಲ್ಲು ಬಿಟ್ಟು ನಕ್ಕರು.

ಟೈರ್ ಅಂಗಡಿಯ ಮೇಲೆ

ಸ್ಟೇಷನ್ನು ಹಳೆಯ ಟೈರ್ ಅಂಗಡಿಯೊಂದರ ಮಹಡಿಯಲ್ಲಿತ್ತು. ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ, ಮೇಲೆ ಹೋದರೆ ಸೂಪಿನ ವಾಸನೆ. ಒಳಗೆ ಕಾಲಿಟ್ಟಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹರಿಸೇವೆ. ಒಂದು ಮನೆಯಿಂದ ಅಕ್ಕಿ, ಒಂದು ಮನೆಯಿಂದ ಬೇಳೆ, ಸೌದೆ ಇದ್ದವರಿಂದ ಸೌದೆ, ಏನೂ ಇಲ್ಲದವರು ಬಂದು ಎಲೆ ಹಾಸುವುದು. ಇಲ್ಲಿ ಒಬ್ಬಾಕೆ ಕಿಟಕಿಗೆ ಪರದೆ ಹೊಲಿದು ಕೊಟ್ಟಿದ್ದಾಳೆ. ನಿವೃತ್ತ ಪೋಸ್ಟ್‌ಮನ್ ಒಬ್ಬರು ಹಾಡಿನ ತಟ್ಟೆಗಳನ್ನು ಜೋಡಿಸುತ್ತಾರೆ, ಕಾಗದ ವಿಂಗಡಿಸಿದ ಕೈ ಅಭ್ಯಾಸದಿಂದ. ಉದ್ದನೆಯ ಮೇಜಿನಲ್ಲಿ ಐದಾರು ಜನ ಕೂತು ಫೋನು ಎತ್ತುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಆದರೂ ತಡವಾಗಿ ಬಂದವಳನ್ನು ಎಲ್ಲರೂ ಬೈದರು. ಅದೂ ಹರಿಸೇವೆಯ ಹಾಗೆಯೇ.

ಅಲ್ಲಿಯವರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಹಾಡು ನಡೆಯುವಾಗ ಇಬ್ಬರು ಮಾತಾಡುತ್ತಿದ್ದು, ಹಾಡಿನಲ್ಲಿ ಒಳ್ಳೆಯ ಜಾಗ ಬಂತೆಂದರೆ ಇಬ್ಬರೂ ಅರ್ಧ ವಾಕ್ಯದಲ್ಲಿ ನಿಲ್ಲಿಸುತ್ತಾರೆ. ಜಾಗ ದಾಟಿದ ಮೇಲೆ ಮತ್ತೆ ಅದೇ ಅರ್ಧದಿಂದ ಮುಂದುವರಿಯುತ್ತದೆ. ನಮ್ಮಲ್ಲಿ ನಿಲ್ಲುವುದು ಸಂಗೀತ.

ಬಾವನದು ಪಂಚೆ, ಜುಬ್ಬ, ಅದರ ಕೆಳಗೆ ಚಂದ್ರಣ್ಣ ಕೊಟ್ಟ ದಪ್ಪ ಒಳಉಡುಪು, ಕಾಲಿಗೆ ಅವರದೇ ಹಿಮದ ಬೂಟು. ಸ್ಟುಡಿಯೊದ ಬಾಗಿಲಲ್ಲಿ ಗರ್ಭಗುಡಿಯ ಮುಂದೆ ಬಿಡುವ ಹಾಗೆ ಬೂಟು ಬಿಟ್ಟರು. ನೋಡಿದರೆ ಡೊರೀನಳ ಬೂಟುಗಳೂ ಅಲ್ಲಿಯೇ ಇದ್ದವು. ಅವಳೂ ಕಾಲುಚೀಲದಲ್ಲಿ ಕೂತಿದ್ದಳು. ಬಾವನಿಗೆ ಅವಳ ಮೇಲಿನ ನಂಬಿಕೆ ಅಲ್ಲಿಗೆ ಭದ್ರವಾಯಿತು.

ಒಂದು ಗಂಟೆಗೆ ಬಾಂಗ್ಲಾದೇಶದ ಟ್ಯಾಕ್ಸಿ ಡ್ರೈವರೊಬ್ಬ ಬಂಗಾಳಿಯಲ್ಲಿ ಹೊಸ ವರ್ಷ ಕರೆದು, ಎಲ್ಲರ ಕೈಗೂ ಒಂದೊಂದು ಸಂದೇಶ್ ಮಿಠಾಯಿ ಇಟ್ಟು ಹೋದ. ಮುಂದಿನದು ನಾವು.

ಗಾಜಿನ ಒಳಗೆ

ಡೊರೀನ್ ಹೇಳಿದ್ದು ಇಷ್ಟು: ನೀವು ನುಡಿಸುತ್ತಿರಿ. ಒಂದೂವರೆ ಆಗುವಾಗ ನಾನು ಬೆರಳು ಎತ್ತುತ್ತೇನೆ. ಆಗ ಸದ್ದು ತಗ್ಗಿಸಿ, ನಿಲ್ಲಿಸಬೇಡಿ. ನಾನು ಎರಡು ಮಾತು ಹೇಳಿ ಕೈ ಇಳಿಸುತ್ತೇನೆ. ಮತ್ತೆ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿ.

ನಾನು ಇದನ್ನು ಬಾವನಿಗೆ ಎರಡು ಸಲ ಹೇಳಿದೆ. ಬಾವನ ಪ್ರಕಾರ ಒಂದು ಸಲವೂ ಪೂರ್ತಿ ಹೇಳಲಿಲ್ಲ. ಬಾಯಲ್ಲಿ ಸಂದೇಶ್ ಇತ್ತು, ಬೆರಳೆತ್ತುವವರೆಗಿನ ಮಾತು ಹೊರಗೆ ಬಂತು, ಮಿಕ್ಕಿದ್ದು ಒಳಗೆ ಹೋಯಿತು. ಮಾರ್ವಿನ್‌ಗೆ ಅವನ ಹೆಂಡತಿಯೇ ಹೇಳಿದ್ದಳು, ಅದರಿಂದಲೂ ಪ್ರಯೋಜನವಾಗಲಿಲ್ಲ.

ಬಾವ ಕಣ್ಣು ಮುಚ್ಚಿ ಶುರು ಮಾಡಿದರು. ಮಾರ್ವಿನ್‌ನ ತಂಡದ ಉದ್ದನೆಯ ಮನುಷ್ಯನೊಬ್ಬ ಆಳೆತ್ತರದ ಬಾಸ್ ತಂತಿವಾದ್ಯವನ್ನು ಅಪ್ಪಿಕೊಂಡು, ನನ್ನ ಮೊಬೈಲಿನ ಶ್ರುತಿಗೆ ಕಿವಿಗೊಟ್ಟು, ಅದೇ ಸ್ವರವನ್ನು ಕೆಳಗಿನಿಂದ ಮೆಲ್ಲಗೆ ಹಿಡಿದ. ಆಲಾಪನೆಗೆ ತಾಳ ಬೇಡ. ನಾನು ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಮಾರ್ವಿನ್ ತನ್ನ ಸರದಿಗೆ ಕಡ್ಡಿ ಹಿಡಿದು ಕಾದಿದ್ದ. ಗಾಜಿನ ಆಚೆ ಸೂಪು ಹಂಚುತ್ತಿದ್ದವಳು ಸೌಟು ಎತ್ತಿದವಳು ಎತ್ತಿದ ಹಾಗೆಯೇ ನಿಂತಳು.

ತೋಡಿ ಬಾಗಿಲಲ್ಲಿ ನಿಂತಿತು. ಕಾಲು ತೊಳೆದುಕೊಂಡಿತು. ಯಾರೂ ಅದನ್ನು ಬೇಗ ಬಾ ಎನ್ನಲಿಲ್ಲ. ಬಾವ ಒಂದೊಂದು ಸ್ವರದ ಹತ್ತಿರವೂ ಇಷ್ಟು ಹೊತ್ತು ನಿಲ್ಲಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಮೆಲ್ಲಗೆ ಮೇಲಕ್ಕೆ ಹೋಯಿತು. ಮೇಲಿನ ಷಡ್ಜದ ಹೊಸ್ತಿಲಿಗೆ ಬಂದು, ಮುಟ್ಟಿಯೂ ಮುಟ್ಟದ ಹಾಗೆ ಅಲ್ಲೇ ತೂಗತೊಡಗಿತು. ಬಾವ ಕಣ್ಣು ಬಿಟ್ಟರು.

ಸರಿಯಾಗಿ ಆಗ ಡೊರೀನ್ ಬೆರಳೆತ್ತಿದಳು.

ಮುಂದಿನದ್ದಕ್ಕೆ ಕಾರಣ ಹುಡುಕುವುದು ವ್ಯರ್ಥ. ಮೂವರೂ ಒಟ್ಟಿಗೇ ಗಟ್ಟಿಮೇಳಕ್ಕೆ ಹಾರಿದೆವು. ಬಾವ ಷಡ್ಜದ ಹೊಸ್ತಿಲಿನಿಂದಲೇ ತೋಡಿಯನ್ನು ತಳ್ಳಿ, ಕೆನ್ನೆ ಉಬ್ಬಿಸಿ, ಮನೆಗೆ ಬೆಂಕಿ ಬಿದ್ದವರ ಹಾಗೆ ಊದಿದರು. ನಾನು ತಾಳ ಒಡೆದುಹೋಗುವಂತೆ ಕುಟ್ಟಿದೆ. ಮಾರ್ವಿನ್ ತನ್ನಲ್ಲಿದ್ದ ಅಷ್ಟನ್ನೂ ಬಾರಿಸಿದ. ಅಷ್ಟೂ ಅಂದರೆ ಮೈಕಿನ ಕಂಬವೂ ಸೇರಿ. ಡೊರೀನಳ ಬಾಯಿ ಅಲುಗುತ್ತಿತ್ತು. ಭಾರತಕ್ಕೆ ಹೊಸ ವರ್ಷ ಬಂದ ಸುದ್ದಿಯನ್ನು ಅವಳು ಹೇಳುತ್ತಿದ್ದಿರಬೇಕು. ಬೆಚ್ಚಿದ ಅವಳು ಬೆರಳನ್ನು ಇಳಿಸುವುದನ್ನೇ ಮರೆತಳು. ಬೆರಳು ಇಳಿಯದೆ ನಾವು ನಿಲ್ಲಿಸುವ ಹಾಗಿಲ್ಲ. ನನ್ನ ಬಲಗೈ ತಾನಾಗಿ ತಾಳ ಬಿಟ್ಟು ಜೇಬಿಗೆ ಹೋಗಿ ಅಕ್ಷತೆ ಹುಡುಕಿತು.

ಅವಳು ಎತ್ತಿದ್ದು ತೋರುಬೆರಳೆಂದು ನನ್ನ ನೆನಪು. ಬಾವ ಇಡೀ ಅಂಗೈ ಎನ್ನುತ್ತಾರೆ. ಅದು ಪೆನ್ಸಿಲ್ಲು ಎಂದು ಮಾರ್ವಿನ್ ವಾದಿಸಿದ. ಸ್ಟೇಷನ್ನಿನವರು ಆ ದಿನದ ಧ್ವನಿಮುದ್ರಿಕೆ ಕಳಿಸಿದ್ದಾರೆ, ಆದರೆ ಬೆರಳು ಅದರಲ್ಲಿ ಕೇಳುವುದಿಲ್ಲ.

ಗಾಜಿನ ಹೊರಗೆ

ಡೊರೀನ್ ಕೊನೆಗೆ ಕೈ ಇಳಿಸಿ, ನಗು ತಡೆಯಲಾಗದೆ, ಇಂಡಿಯಾದಲ್ಲಿ ಹೊಸ ವರ್ಷ ಬರುವುದು ಹೀಗೆ ಎಂದು ಹೇಳಿ ಯಾವುದೋ ಹಳೆಯ ಹಾಡಿನ ತಟ್ಟೆ ಹಾಕಿದಳು. ಮೇಜಿನ ಮೇಲಿನ ಫೋನುಗಳೆಲ್ಲ ಒಟ್ಟಿಗೆ ಮೊಳಗಿದವು. ಅದೇನದು? ಮತ್ತೆ ಹಾಕಿ! ರಾತ್ರಿ ಇಲ್ಲಿಯ ಹನ್ನೆರಡಕ್ಕೂ ಅದನ್ನೇ ಹಾಕಿ! ಪೋಸ್ಟ್‌ಮನ್ ಎದ್ದು ಬಂದು ಬಾವನ ಕೈ ಕುಲುಕಿದರು. ಫೋನಿನವರು ಚಪ್ಪಾಳೆ ತಟ್ಟಿದರು.

ಬಾವ ಕಾರಿಡಾರಿನ ಬೆಂಚಿನ ಮೇಲೆ, ಸ್ಯಾಕ್ಸೊಫೋನನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು.

"ಎಲ್ರಿಗೂ ಖುಷಿ ಆಗ್ಯದೆ ಬಾವ."

"ಆಗ್ದೆ ಏನು. ಸದ್ದು ಯಾರ್ಗ್ ಇಷ್ಟ ಇಲ್ಲ?" ಸ್ಯಾಕ್ಸೊಫೋನನ್ನು ಪಂಚೆಯ ತುದಿಯಿಂದ ಒರೆಸುತ್ತಾ ಹೇಳಿದರು: "ಊರಲ್ಲಿ ಅಯ್ನೋರು ನಿಲ್ಸೋರು, ಸೋದರಮಾವ ನಿಲ್ಸೋನು. ಇಲ್ಲಿ ಯಾರೂ ನಿಲ್ಸ್‌ನಿಲ್ಲ ಕಣ್ಲಾ. ನಾನೇ ನಿಲ್ಸ್‌ಬುಟ್ಟೆ."

ಅಷ್ಟರಲ್ಲಿ ಮೊಬೈಲು ಕೂಗಿತು. ಊರಿನಿಂದ ಅಕ್ಕ. ಇಂಟರ್ನೆಟ್ಟಿನಲ್ಲಿ ಸ್ಟೇಷನ್ನು ಹಾಕಿಕೊಂಡು ಕಾದು ಕೂತಿದ್ದಳು.

"ಲೋ, ನಿಮ್ಮ ಬಾವ ಅಲ್ಲಿ ಯಾರ್ಗೋ ತಾಳಿ ಕಟ್ಬುಟ್ರಾ?"

ಸ್ಪೀಕರಿನಲ್ಲಿತ್ತು. ಬಾವನಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. "ಮನೀಕೊಳೆ, ಒತ್ತಾಯ್ತು" ಎಂದರು.

ಆಗ ಫೋನಿನ ಮೇಜಿನಿಂದ ಪರದೆ ಹೊಲಿದಾಕೆ ಒಂದು ಚೀಟಿ ಹಿಡಿದು ಡೊರೀನಳ ಹತ್ತಿರ ಹೋದಳು. ಡೊರೀನ್ ಓದಿ, ಕಾಲುಚೀಲದಲ್ಲಿಯೇ ಕಾರಿಡಾರಿಗೆ ಬಂದಳು. ಒಬ್ಬರು ಮಾತ್ರ ಬೇರೆ ಥರ ಕೇಳಿದ್ದಾರೆ, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಹೆಂಗಸು, ಎಂದಳು. ಅವರು ಕೇಳಿದ್ದು: ಆ ಗಲಾಟೆಗೆ ಮುಂಚೆ ಆ ಮನುಷ್ಯ ಎಲ್ಲಿಗೋ ಹೋಗುತ್ತಿದ್ದರಲ್ಲ, ಅಲ್ಲಿಗೆ ತಲುಪಿದರೇ?

ಬಾವನಿಗೆ ಹೇಳಿದೆ. ಅವರು ಮಡಿಲಿನಿಂದ ತಲೆ ಎತ್ತಿದರು.

"ಅಂಗಂದ್ರಾ?"

"ಅಂಗೇ ಅಂದ್ರಂತೆ."

"ಲಾರಿ ಓಡಿಸ್ಕಂಡೇ ಕೇಳ್ತಾವ್ರಾ?"

ಡೊರೀನಳನ್ನು ಕೇಳಿದೆ. "ಇಲ್ಲ ಬಾವ. ರೋಡ್ ಪಕ್ಕಕ್ಕೆ ನಿಲ್ಸ್ಕಂಡವ್ರಂತೆ. ಕಾಯ್ತಾವ್ರಂತೆ."

ಬಾವ ಎದ್ದರು. "ಅಂಗಾರೆ ನಡಿ. ಹಿಮ ತಳ್ಳೋ ಲಾರೀನೇ ನಿಂತ್ರೆ ಊರ್ ಜನ ಮನೆ ಸೇರದೆಂಗೆ?"

ಒಂದು ತೊಡಕಿತ್ತು. ಎರಡು ಗಂಟೆಗೆ ಪಾಕಿಸ್ತಾನದ ಮಧ್ಯರಾತ್ರಿ. ಕರಾಚಿಯ ದಂತವೈದ್ಯರೊಬ್ಬರು ಕೋಟು, ಟೈ ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದರು. ಉಳಿದ ಹೊತ್ತು ತೋಡಿಗೆ ಸಾಲುವುದಿಲ್ಲ. ಹುಣಸೂರಿನ ಪೇಟೆಯಲ್ಲಿ ಕಲಿತ ನನ್ನ ಉರ್ದುವಿನಲ್ಲಿ ವಿಷಯ ಹೇಳಿದೆ. ನನ್ನ ಉರ್ದುವಿಗೆ ಅವರು ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು, ವಿಷಯಕ್ಕೆ ಮಾತ್ರ ಬಹಳ ಹೊತ್ತು ತಲೆಯಾಡಿಸಿದರು. ತಮ್ಮ ಕಡೆಯ ಮದುವೆಗಳಲ್ಲೂ ಶಹನಾಯಿಯವರನ್ನು ಯಾರೂ ಕೇಳುವುದಿಲ್ಲ, ಎಲ್ಲರ ಕಣ್ಣೂ ಬಿರಿಯಾನಿಯ ಮೇಲೆ ಎಂದರು. ಆಮೇಲೆ ಕೈಗಡಿಯಾರವನ್ನು ತೋಳಿನೊಳಗೆ ಸರಿಸಿಕೊಂಡರು.

"ಅವರು ಮುಗಿಸಲಿ. ಕರಾಚಿಗೆ ಕಾಯುವುದು ಅಭ್ಯಾಸವಿದೆ."

ಮತ್ತೆ ಒಳಗೆ

ಬಾವ ಕೂತರು. ಊದಲಿಲ್ಲ. ಡೊರೀನಳ ಕೈಯನ್ನೇ ನೋಡುತ್ತಿದ್ದರು.

ಅವಳಿಗೆ ಅರ್ಥವಾಯಿತು. ಮೈಕಿನ ಗುಂಡಿ ಏರಿಸಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತುಬಿಟ್ಟಳು, ಹೊಡೆತ ತಿಂದ ಶಾಲೆಯ ಹುಡುಗಿಯ ಹಾಗೆ. ಅವಳನ್ನು ನೋಡಿ ಮಾರ್ವಿನ್ ಕಡ್ಡಿಗಳನ್ನು ನೆಲಕ್ಕಿಟ್ಟು ಕೈಗಳನ್ನು ಕಂಕುಳಿಗೆ ಸೇರಿಸಿದ. ನಾನು ತಾಳವನ್ನು ಜೇಬಿಗೆ ಹಾಕಿ ಕೈಯನ್ನೂ ಅಲ್ಲಿಯೇ ಬಿಟ್ಟೆ. ಗಾಜಿನ ಆಚೆ ದಂತವೈದ್ಯರು ಕೋಟಿನ ಜೇಬಿನಲ್ಲಿ ಕೈ ಇಳಿಸಿದರು. ಸೂಪಿನಾಕೆ ಏಪ್ರನ್ನಿನ ಹಿಂದೆ ಅಡಗಿಸಿಕೊಂಡಳು. ಆ ಮಹಡಿಯಲ್ಲಿ ಕೈ ಕಾಣುತ್ತಿದ್ದವರು ಇಬ್ಬರೇ, ಬಾವ ಮತ್ತು ಬಾಸಿನ ಉದ್ದನೆಯ ಮನುಷ್ಯ.

ಬಾವ ಕೆಳಗಿನಿಂದ ಮತ್ತೆ ಶುರು ಮಾಡಲಿಲ್ಲ. ಬಿಟ್ಟ ಜಾಗಕ್ಕೇ, ಆ ಹೊಸ್ತಿಲಿಗೇ, ಒಂದೇ ಉಸಿರಿನಲ್ಲಿ ಹೋಗಿ ನಿಂತರು. ಅಲ್ಲಿ ಇನ್ನೂ ಅದು ತೂಗುತ್ತಲೇ ಇತ್ತು. ದಾಟಿದರು.

ದಾಟಿದ ಮೇಲೆ ಏನಿದೆ ಎನ್ನುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎಚ್.ಡಿ. ಕೋಟೆಯ ಒಂದು ಚಪ್ಪರದಲ್ಲಿ ಕೇಳಿದ ಕೆಳಗಿನ ಅರ್ಧ, ಕೃಷ್ಣರಾಜನಗರದ ಛತ್ರದಲ್ಲಿ ಪಾತ್ರೆಗಳ ಸದ್ದಿನ ನಡುವೆ ಕೇಳಿದ ಕಾಲು, ಮಂಜುಗಟ್ಟಿದ ಕಾರಿನಲ್ಲಿ ಕೇಳಿದ ಚೂರು, ಎಲ್ಲ ನನ್ನಲ್ಲಿ ಬೇರೆ ಬೇರೆಯಾಗಿ ಬಿದ್ದಿದ್ದವು. ಅವು ಒಂದೇ ರಾಗದವು ಎಂದು ಆವತ್ತು ತಿಳಿಯಿತು. ಇಷ್ಟು ಚೆನ್ನಾಗಿ ಹೊಂದಿಕೊಂಡ ನೆನಪನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಈ ಭಾಗವನ್ನು ಓದಿದಾಗ ಬಾವ ಏನಾದರೂ ತಿದ್ದಬಹುದೆಂದು ಕಾದೆ. ಟೀ ಕುಡಿಯುತ್ತಲೇ ಇದ್ದರು.

ಗೋಡೆಯ ಗಡಿಯಾರದಲ್ಲಿ ಎರಡು ಆಯಿತು, ದಾಟಿತು. ಡೊರೀನ್ ಅಲ್ಲಾಡಲಿಲ್ಲ. ಕರಾಚಿಗೆ ಆ ವರ್ಷ ಹೊಸ ವರ್ಷ ತಡವಾಗಿ ಬಂತು.

ರಾಗ ಇಳಿಯಿತು. ಹತ್ತಿದ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ, ಅಲ್ಲಲ್ಲಿ ತಿರುಗಿ ನೋಡಿ, ಕೆಳಗಿನ ಷಡ್ಜಕ್ಕೆ ಬಂದು ಬಾಸಿನ ಸ್ವರದೊಳಗೆ ಕೂತಿತು. ಬಾಸಿನವನು ಒಂದು ಸಲ ಮೀಟಿ ತಂತಿಯ ಮೇಲೆ ಅಂಗೈ ಇಟ್ಟ.

ರೇಡಿಯೊದವರಿಗೆ ಮೌನದಷ್ಟು ಭಯ ಬೇರೆ ಯಾವುದಕ್ಕೂ ಇಲ್ಲವಂತೆ. ಆದರೆ ಅದನ್ನು ನಿಲ್ಲಿಸಬೇಕಾದ ಕೈಗಳು ಅವಳ ತೊಡೆಯ ಕೆಳಗಿದ್ದವು, ಅವಳಿಗೆ ಅವುಗಳ ನೆನಪಿರಲಿಲ್ಲ. ಯಾರೂ ಕದಲಲಿಲ್ಲ. ಬಾವ ಕಣ್ಣು ಬಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದರು. ಊಟಕ್ಕೆ ಏಳಿ ಎನ್ನುವವರಿಲ್ಲ, ಆರತಿ ತನ್ನಿ ಎನ್ನುವವರಿಲ್ಲ, ಸಿನಿಮಾ ಹಾಡು ಕೇಳುವವರಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಸ್ಯಾಕ್ಸೊಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ಬಾಗಿದರು. ಮೈಕು ತೆರೆದೇ ಇತ್ತು. ಹಿಮದ ಲಾರಿಯಲ್ಲಿ ಕೂತಿದ್ದ ಹೆಂಗಸೂ, ಮಲಗದೆ ಕೂತಿದ್ದ ನನ್ನ ಅಕ್ಕನೂ ಕೇಳಿಸಿಕೊಂಡಿರಬೇಕು.

"ಲೋ ಮಾದೇವ, ಮುಗೀತು ಕಣ್ಲಾ," ಎಂದರು. "ಮುಗುದ್ ಮ್ಯಾಲೆ ಏನ್ ಮಾಡ್ತಾರೆ?"